545 ಹುದ್ದೆ, ಒಂದು ಉತ್ತರ: ಪಿಎಸ್‌ಐ ನೇಮಕಾತಿ ಮತ್ತು ಸದನದ ಪ್ರಶ್ನೆ

2022ರ ಮಾರ್ಚ್. ಬಜೆಟ್ ಅಧಿವೇಶನ ನಡೆಯುತ್ತಿತ್ತು. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮ ನಡೆದಿದೆಯೇ ಎಂಬ ಪ್ರಶ್ನೆ ವಿಧಾನ ಪರಿಷತ್ತಿಗೆ ಬಂತು. ಆಗ ಗೃಹ ಸಚಿವರಾಗಿದ್ದವರು ತೀರ್ಥಹಳ್ಳಿಯ ಆರಗ ಜ್ಞಾನೇಂದ್ರ. ಅಕ್ರಮ ನಡೆದಿಲ್ಲ ಎಂಬುದೇ ಅವರು ಕೊಟ್ಟ ಉತ್ತರದ ಸಾರ. ಏಪ್ರಿಲ್ ಮೊದಲ ವಾರದಲ್ಲಿ ಅದೇ ಸರ್ಕಾರ ಸಿಐಡಿ ತನಿಖೆಗೆ ಆದೇಶಿಸಿತು. ಏಪ್ರಿಲ್ 29ರಂದು ಅದೇ ಸಚಿವರು ಇಡೀ ಪರೀಕ್ಷೆಯನ್ನು ರದ್ದುಪಡಿಸಿ, ಮರುಪರೀಕ್ಷೆ ನಡೆಸುವುದಾಗಿ ಪ್ರಕಟಿಸಿದರು. ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ (ಎಡಿಜಿಪಿ) ದರ್ಜೆಯ ಅಧಿಕಾರಿಯೇ ಬಂಧನಕ್ಕೊಳಗಾದರು.

ಈ ಹಗರಣದ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಬ್ಲೂಟೂತ್ ಬಗ್ಗೆ, ಲಕ್ಷಾಂತರ ರೂಪಾಯಿ ಕೈಬದಲಾದ ಬಗ್ಗೆ. ನನ್ನನ್ನು ಇವತ್ತಿಗೂ ಕಾಡುವುದು ಮಾರ್ಚ್ ತಿಂಗಳ ಆ ಉತ್ತರ. ಸದನ ಕಣ್ಣುಮುಚ್ಚಿ ಕುಳಿತಿತ್ತು ಎನ್ನುವ ಹಾಗಿಲ್ಲ. ಸದಸ್ಯರು ಕೇಳಿದ್ದರು, ಸರಿಯಾದ ಸಮಯಕ್ಕೇ ಕೇಳಿದ್ದರು. ಆದರೂ ಸತ್ಯ ಸದನದ ಬಾಗಿಲಿಂದ ಹೊರಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಬಿಡಿಸಿ ನೋಡುವುದೇ ಈ ಪ್ರಕರಣ ಅಧ್ಯಯನದ ಉದ್ದೇಶ.

ಮೊದಲು ಪರೀಕ್ಷೆಯ ಲೆಕ್ಕಾಚಾರ ತಿಳಿದಿರಬೇಕು. 2021ರ ಅಕ್ಟೋಬರ್ 3ರಂದು ರಾಜ್ಯದ 92 ಕೇಂದ್ರಗಳಲ್ಲಿ 54 ಸಾವಿರಕ್ಕೂ ಹೆಚ್ಚು ಮಂದಿ ಲಿಖಿತ ಪರೀಕ್ಷೆ ಬರೆದರು. ಓಟ, ಜಿಗಿತ, ಗುಂಡು ಎಸೆತದ ದೈಹಿಕ ಪರೀಕ್ಷೆ ದಾಟಿ ಬಂದವರು ಇವರು. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದ ಪೇಯಿಂಗ್ ಗೆಸ್ಟ್ ಕೊಠಡಿಗಳಲ್ಲಿ ವರ್ಷಗಟ್ಟಲೆ ಓದಿದವರು ಇವರಲ್ಲಿ ಬಹಳ. ಮೊದಲ ಪತ್ರಿಕೆ ಪ್ರಬಂಧ, ಭಾಷಾಂತರ, ಸಾರಾಂಶ ಲೇಖನ ಸೇರಿ 50 ಅಂಕದ್ದು. ಎರಡನೆಯದು 100 ಪ್ರಶ್ನೆಗಳ ಓಎಂಆರ್ ಪತ್ರಿಕೆ, ಅಂದರೆ ಸರಿಯುತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ, ಯಂತ್ರ ಓದುವ ಹಾಳೆ. ಪ್ರಶ್ನೆಗೆ ಒಂದೂವರೆ ಅಂಕದಂತೆ 150 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಹಾಗಾಗಿ ಗೊತ್ತಿಲ್ಲದ ಪ್ರಶ್ನೆಯ ವೃತ್ತಗಳನ್ನು ಖಾಲಿ ಬಿಡುವುದು ಜಾಣತನ. ಹಾಳೆಯಲ್ಲಿ ಖಾಲಿ ಜಾಗ ಕಂಡರೆ ಯಾರೂ ಅನುಮಾನ ಪಡುವುದಿಲ್ಲ. 2022ರ ಜನವರಿಯಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಹೊರಬಿತ್ತು.

ಪಟ್ಟಿ ನೋಡಿ ಮೊದಲು ಅನುಮಾನಪಟ್ಟವರು ಹುದ್ದೆ ತಪ್ಪಿದ ಅಭ್ಯರ್ಥಿಗಳು. ಒಟ್ಟಿಗೆ ಓದಿದವನ ಮಟ್ಟ ಒಟ್ಟಿಗೆ ಓದಿದವರಿಗೆ ಗೊತ್ತಿರುತ್ತದೆ. ಓಎಂಆರ್ ಹಾಳೆಯ ಕಾರ್ಬನ್ ಪ್ರತಿ ಅಭ್ಯರ್ಥಿಯ ಕೈಯಲ್ಲೇ ಉಳಿಯುತ್ತದೆ. ಮೂಲ ಹಾಳೆಯಲ್ಲಿ ಆಮೇಲೆ ಯಾರಾದರೂ ವೃತ್ತ ತುಂಬಿದರೆ ಅದು ಕಾರ್ಬನ್ ಪ್ರತಿಯಲ್ಲಿ ಮೂಡುವುದಿಲ್ಲ. ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಪರೀಕ್ಷೆ ಬರೆದ ಒಬ್ಬ ಅಭ್ಯರ್ಥಿ ಎರಡನೇ ಪತ್ರಿಕೆಯಲ್ಲಿ ಉತ್ತರಿಸಿದ್ದು ಬರೀ 21 ಪ್ರಶ್ನೆಗಳಿಗೆ ಎಂದು ತನಿಖಾಧಿಕಾರಿಗಳು ಆರೋಪಿಸಿದರು. 21 ಉತ್ತರವೂ ಸರಿಯಾಗಿದ್ದರೆ ಬರುವುದು 31.5 ಅಂಕ. ಮೊದಲ ಪತ್ರಿಕೆಯಲ್ಲಿ 50ಕ್ಕೆ 50 ಬಂದರೂ ಒಟ್ಟು 81.5 ದಾಟುವುದಿಲ್ಲ. ಆದರೆ ಅವರ ಹೆಸರು ಇದ್ದದ್ದು ಪಟ್ಟಿಯ ಮೇಲ್ಭಾಗದಲ್ಲಿ. ಈ ಲೆಕ್ಕ ಹಾಕಲು ಕ್ಯಾಲ್ಕುಲೇಟರೂ ಬೇಡ.

ಫೆಬ್ರವರಿಯ ಹೊತ್ತಿಗೆ ದೂರು ರಾಜಕಾರಣಿಗಳ ಮನೆಬಾಗಿಲು ತಲುಪಿತ್ತು. ವಿರೋಧ ಪಕ್ಷದವರ ಮಾತು ಇರಲಿ, ಸಂಪುಟದಲ್ಲೇ ಇದ್ದ ಸಚಿವ ಪ್ರಭು ಚೌಹಾಣ್ ಅವರು ತನಿಖೆ ಕೋರಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಗೆ ಪತ್ರ ಬರೆದಿದ್ದರು. ಅಂದರೆ ಮಾರ್ಚ್‌ನಲ್ಲಿ ಸದನಕ್ಕೆ ಉತ್ತರ ಹೋಗುವ ವೇಳೆಗೆ ಸರ್ಕಾರದ ಒಳಗಿನಿಂದಲೇ ಒಂದು ಲಿಖಿತ ಅನುಮಾನ ಮುಖ್ಯಮಂತ್ರಿಗಳ ಕಚೇರಿಯಲ್ಲಿತ್ತು.

ಹಾಗಾದರೆ ಆ ಉತ್ತರ ಹೇಗೆ ತಯಾರಾಯಿತು? ಸದಸ್ಯರ ಪ್ರಶ್ನೆ ಸಾಮಾನ್ಯವಾಗಿ ಯಾವ ದಾರಿಯಲ್ಲಿ ಸಾಗುತ್ತದೆ ಎಂದು ನೋಡಿದರೆ ಅರ್ಥವಾಗುತ್ತದೆ. ಸದಸ್ಯರು ಸೂಚನೆ ಕೊಡುತ್ತಾರೆ. ಸದನದ ಸಚಿವಾಲಯ ಅದನ್ನು ಅಂಗೀಕರಿಸಿ ಇಲಾಖೆಗೆ ಕಳಿಸುತ್ತದೆ. ಇಲಾಖೆಯ ಕಾರ್ಯದರ್ಶಿಗಳ ಮೇಜಿನಿಂದ ಅದು ಪೊಲೀಸ್ ಮುಖ್ಯಸ್ಥರ ಕಚೇರಿಗೆ, ಅಲ್ಲಿಂದ ವಿಷಯಕ್ಕೆ ಸಂಬಂಧಪಟ್ಟ ವಿಭಾಗಕ್ಕೆ ಇಳಿಯುತ್ತದೆ. ಇಲ್ಲಿ ಸಂಬಂಧಪಟ್ಟ ವಿಭಾಗ ಎಂದರೆ ನೇಮಕಾತಿ ವಿಭಾಗ. ಯಾರ ಮೇಲೆ ದೂರಿದೆಯೋ ಅವರೇ ಕರಡು ಉತ್ತರ ಬರೆಯುತ್ತಾರೆ. ಆ ಕರಡು ಬಂದ ದಾರಿಯಲ್ಲೇ ಸಹಿಗಳನ್ನು ಹೊತ್ತುಕೊಂಡು ಮೇಲೇರುತ್ತದೆ. ಕೊನೆಗೆ ಸಚಿವರ ಹೆಸರಿನಲ್ಲಿ ಸದನದ ದಾಖಲೆಯಾಗುತ್ತದೆ. ಕೆಳಗಿನವರು ಸುಳ್ಳು ಬರೆದರೆ ಮೇಲಿನ ಪ್ರತಿ ಸಹಿಯೂ ಆ ಸುಳ್ಳಿಗೆ ಇನ್ನಷ್ಟು ತೂಕ ಕೊಡುತ್ತದೆ.

ಸದನದ ಉತ್ತರಗಳನ್ನು ಓದಿ ರೂಢಿಯಿದ್ದವರಿಗೆ ಅವುಗಳ ನಮೂನೆ ಕಣ್ಣಿಗೆ ಕಟ್ಟಿದಂತಿರುತ್ತದೆ. ಎಡಗಡೆ (ಅ), (ಆ), (ಇ) ಎಂದು ಪ್ರಶ್ನೆಯ ಭಾಗಗಳು, ಬಲಗಡೆ ಉತ್ತರ. (ಅ) ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ‘ಇಲ್ಲ.’ (ಆ) ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ‘ಉದ್ಭವಿಸುವುದಿಲ್ಲ.’ (ಇ) ‘ತಪ್ಪಿತಸ್ಥರ ಮೇಲೆ ಕ್ರಮ ಯಾವಾಗ?’ ‘ಉದ್ಭವಿಸುವುದಿಲ್ಲ.’ ಮೊದಲ ಸಾಲಿನಲ್ಲಿ ಒಂದು ‘ಇಲ್ಲ’ ಬಂದರೆ ಕೆಳಗಿನ ಸಾಲುಗಳೆಲ್ಲ ತಾವಾಗಿಯೇ ಉದುರಿಬಿಡುತ್ತವೆ. ನನ್ನ ಮಟ್ಟಿಗೆ, ನಮ್ಮ ಶಾಸಕಾಂಗದ ಅತಿ ದೊಡ್ಡ ದೌರ್ಬಲ್ಯ ಅಡಗಿರುವುದು ಈ ನಮೂನೆಯಲ್ಲಿ. ‘ಅಕ್ರಮ ನಡೆದಿದೆಯೇ?’ ಎನ್ನುವುದು ಅಭಿಪ್ರಾಯ ಕೇಳುವ ಪ್ರಶ್ನೆ. ಇಲಾಖೆ ತನ್ನ ಬಗ್ಗೆ ತಾನೇ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುತ್ತದೆ.

ಕೇಳಬೇಕಾಗಿದ್ದದ್ದು ದಾಖಲೆ. ಆಯ್ಕೆಯಾದ 545 ಮಂದಿಯಲ್ಲಿ ಎಷ್ಟು ಮಂದಿಯ ಮೂಲ ಓಎಂಆರ್ ಹಾಳೆಯನ್ನು ಕಾರ್ಬನ್ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ? ನೋಡಿದವರು ಯಾವ ದರ್ಜೆಯ ಅಧಿಕಾರಿ? ಯಾವ ದಿನಾಂಕದಂದು? 92 ಕೇಂದ್ರಗಳಿಂದ ಹಾಳೆಗಳ ಪೆಟ್ಟಿಗೆಗಳು ಬೆಂಗಳೂರಿನ ಭದ್ರತಾ ಕೊಠಡಿ ಸೇರಿದ ಸಮಯವೇನು, ಕೀಲಿ ಯಾರ ಬಳಿ ಇತ್ತು, ಎಷ್ಟು ಸಲ ತೆರೆಯಲಾಯಿತು? ಒಂದೊಂದು ಕೇಂದ್ರದಿಂದ ಎಷ್ಟೆಷ್ಟು ಮಂದಿ ಆಯ್ಕೆಯಾದರು? ಇಂಥ ಪ್ರಶ್ನೆಗೆ ‘ಇಲ್ಲ’ ಎಂದು ಬರೆದು ಪಾರಾಗಲು ಬರುವುದಿಲ್ಲ. ‘ತಾಳೆ ನೋಡಿಲ್ಲ’ ಎಂದು ಬರೆದರೆ ಅದೇ ಸುದ್ದಿ. ‘ನೋಡಲಾಗಿದೆ’ ಎಂದು ಸುಳ್ಳು ಬರೆದರೆ ಮುಂದೆ ಅದಕ್ಕೆ ಸಹಿ ಹಾಕಿದವರ ಹೆಸರು ಹಿಡಿದು ಕೇಳಬಹುದು. ಮುಂದೆ ಸಿಐಡಿ ಮಾಡಿದ್ದೂ ಇದನ್ನೇ. ಆಯ್ಕೆಯಾದವರು ತಮ್ಮ ಕಾರ್ಬನ್ ಪ್ರತಿಯೊಂದಿಗೆ ಹಾಜರಾಗಬೇಕು ಎಂದು ನೋಟಿಸ್ ಕೊಟ್ಟಿತು. ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಪ್ರಕರಣ ಬಿಚ್ಚಿಕೊಳ್ಳತೊಡಗಿತು. ಸದನ ಮಾರ್ಚ್‌ನಲ್ಲಿ ಕೇಳಬಹುದಾಗಿದ್ದನ್ನು ತನಿಖಾ ಸಂಸ್ಥೆ ಏಪ್ರಿಲ್‌ನಲ್ಲಿ ಕೇಳಿತು.

ಏಪ್ರಿಲ್ 9ರಂದು ಕಲಬುರಗಿಯ ಚೌಕ್ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ತನಿಖೆಯಲ್ಲಿ ಅಕ್ರಮದ ಎರಡು ದಾರಿಗಳು ಕಂಡವು ಎನ್ನುತ್ತದೆ ಸಿಐಡಿ. ಒಂದು ಓಎಂಆರ್ ದಾರಿ: ಖಾಲಿ ಬಿಟ್ಟ ವೃತ್ತಗಳನ್ನು ಪರೀಕ್ಷೆಯ ನಂತರ ಕೇಂದ್ರದಲ್ಲಿ ಅಥವಾ ನೇಮಕಾತಿ ವಿಭಾಗದ ಭದ್ರತಾ ಕೊಠಡಿಯಲ್ಲಿ ತುಂಬುವುದು. ಇನ್ನೊಂದು ಬ್ಲೂಟೂತ್ ದಾರಿ: ಪ್ರಶ್ನೆಪತ್ರಿಕೆ ಹೇಗೋ ಹೊರಗೆ ಹೋಗುತ್ತದೆ, ಅಲ್ಲಿ ಕುಳಿತವರು ಬಿಡಿಸುತ್ತಾರೆ, ಅಭ್ಯರ್ಥಿಯ ಕಿವಿಯೊಳಗಿನ ಕಾಳಿನಷ್ಟು ಚಿಕ್ಕ ಸಾಧನಕ್ಕೆ ಉತ್ತರಗಳನ್ನು ಓದಿ ಹೇಳುತ್ತಾರೆ. ಇವೆಲ್ಲ ಸಾಬೀತಾಗಬೇಕಾದದ್ದು ನ್ಯಾಯಾಲಯದಲ್ಲಿ. ಆದರೆ ಒಂದು ಮಾತು ಗಮನಿಸಬೇಕು. ತಂತ್ರಜ್ಞಾನ ಎಂದಾಗ ನಮಗೆ ನೆನಪಾಗುವುದು ಕಿವಿಯೊಳಗಿನ ಸಾಧನ. ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನದವರೆಗೆ ಪ್ರಕರಣವನ್ನು ಒಯ್ದದ್ದು ಮಾತ್ರ ಬಾಲ್‌ಪಾಯಿಂಟ್ ಪೆನ್ನು ಮತ್ತು ಒಂದು ಬೀಗದ ಕೈ. ಹೊಸ ಯಂತ್ರ ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಸದನದಲ್ಲಿ ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಬೀಗದ ಕೈ ನೆನಪಾಗುತ್ತದೆ.

ಈ ನಡುವೆ ಸದನದ ಹೊರಗೆ ಇನ್ನೊಂದು ಬೆಳವಣಿಗೆ ಆಯಿತು. ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಏಪ್ರಿಲ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು, ಅಕ್ರಮಕ್ಕೆ ಸಂಬಂಧಿಸಿದ್ದು ಎನ್ನಲಾದ ಧ್ವನಿಮುದ್ರಿಕೆ ಬಿಡುಗಡೆ ಮಾಡಿದರು. ಸಿಐಡಿ ಅವರಿಗೇ ನೋಟಿಸ್ ಕೊಟ್ಟಿತು: ನಿಮ್ಮಲ್ಲಿರುವ ಸಾಕ್ಷ್ಯ ತಂದು ಹಾಜರಾಗಿ ಎಂದು. ಅವರು ಲಿಖಿತ ಉತ್ತರ ಕೊಟ್ಟರು. ವಿರೋಧ ಪಕ್ಷ ಇದನ್ನು ಬೆದರಿಕೆ ಎಂದಿತು, ಸರ್ಕಾರ ಕಾನೂನಿನ ಕ್ರಮ ಎಂದಿತು. ಕಾನೂನಿನ ದೃಷ್ಟಿಯಿಂದ ಇಲ್ಲಿ ಕಲಿಯಬೇಕಾದ್ದು ಬೇರೆಯೇ ಇದೆ. ಸಂವಿಧಾನದ 194ನೇ ವಿಧಿ ಶಾಸಕರಿಗೆ ರಕ್ಷಣೆ ಕೊಡುವುದು ಸದನದಲ್ಲಿ ಮತ್ತು ಸಮಿತಿಗಳಲ್ಲಿ ಆಡಿದ ಮಾತಿಗೆ. ಪತ್ರಿಕಾಗೋಷ್ಠಿಯಲ್ಲಿ ಆಡಿದ ಮಾತಿಗೆ ಆ ರಕ್ಷಣೆ ಇಲ್ಲ. ಮಾರ್ಚ್ ಕೊನೆಗೆ ಅಧಿವೇಶನ ಮುಗಿದಿತ್ತು. ಹಗರಣ ಹೊರಬಿದ್ದ ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ಸದನ ಸೇರಿರಲೇ ಇಲ್ಲ. ಶಾಸಕರ ಮಾತಿಗೆ ಅತಿ ಹೆಚ್ಚು ಬೆಲೆಯಿದ್ದ ದಿನಗಳಲ್ಲಿ ಅವರಿಗೆ ಮಾತಾಡಲು ಇದ್ದದ್ದು ಮಾಧ್ಯಮದ ಮೈಕು ಮಾತ್ರ.

ಸದನ ಮತ್ತೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ವಿಧಾನಸಭೆಯಲ್ಲಿ, ತುರ್ತು ಸಾರ್ವಜನಿಕ ಮಹತ್ವದ ವಿಷಯಗಳಿಗಿರುವ ನಿಯಮ 69ರ ಅಡಿ ಚರ್ಚೆ ನಡೆಯಿತು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ನ್ಯಾಯಾಂಗ ತನಿಖೆಗೆ ಪಟ್ಟು ಹಿಡಿದರು. ಸಿಐಡಿ ಸಮರ್ಥವಾಗಿಯೇ ತನಿಖೆ ಮಾಡುತ್ತಿದೆ, ಬೇರೆ ತನಿಖೆ ಬೇಕಿಲ್ಲ ಎಂಬುದು ಸರ್ಕಾರದ ನಿಲುವು. ಹಿಂದಿನ ಸರ್ಕಾರಗಳ ಕಾಲದ ನೇಮಕಾತಿಗಳ ಪಟ್ಟಿ ಎರಡೂ ಕಡೆಯಿಂದ ಹೊರಬಂತು. ನಿಮ್ಮ ಕಾಲದಲ್ಲಿ ಏನಾಯಿತು ಎನ್ನುವ ಮಾತು ಶುರುವಾದರೆ ಯಾವ ಚರ್ಚೆಯೂ ಮುಂದೆ ಹೋಗುವುದಿಲ್ಲ, ಇದೂ ಹೋಗಲಿಲ್ಲ.

ಆ ಗದ್ದಲದಲ್ಲಿ ಮೂಲೆಗೆ ಸರಿದದ್ದು ಮಾರ್ಚ್ ತಿಂಗಳ ಉತ್ತರ. ಸದನಕ್ಕೆ ಹೋದ ಮಾಹಿತಿ ಸರಿಯಿರಲಿಲ್ಲ ಎಂದು ಅದೇ ಸರ್ಕಾರದ ನಡೆಯೇ ತೋರಿಸಿಕೊಟ್ಟ ಮೇಲೆ, ಆ ಕರಡನ್ನು ಬರೆದವರು ಯಾರು, ಪರಿಶೀಲಿಸದೆ ಮೇಲೆ ಕಳಿಸಿದವರು ಯಾರು ಎಂದು ಕೇಳುವ ಹಕ್ಕು ಸದನಕ್ಕಿದೆ. ಸದನದ ಮತ್ತು ಶಾಸಕರ ವಿಶೇಷ ಹಕ್ಕುಗಳಿಗೆ ಧಕ್ಕೆಯಾದಾಗ ವಿಚಾರಿಸುವ ಹಕ್ಕುಬಾಧ್ಯತೆಗಳ ಸಮಿತಿ ಇರುವುದು ಶಾಸಕರಿಗೆ ಕಾರ್ಯಕ್ರಮದ ವೇದಿಕೆಯಲ್ಲಿ ಕುರ್ಚಿ ಸಿಗದಿದ್ದಾಗ ದೂರು ಕೊಡಲಿಕ್ಕಷ್ಟೇ ಅಲ್ಲ. ಸದನಕ್ಕೆ ತಪ್ಪು ಮಾಹಿತಿ ಕೊಡುವುದಕ್ಕಿಂತ ದೊಡ್ಡ ಹಕ್ಕುಚ್ಯುತಿ ಇನ್ನೇನಿದೆ? ಸಚಿವರು ಬೇಕೆಂದೇ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಕೆಳಗಿನಿಂದ ಬಂದ ಕಾಗದವೇ ಆಧಾರವಾಗಿದ್ದಿರಬಹುದು. ಹಾಗಿದ್ದರೆ ಆ ಕಾಗದದ ಮೂಲ ಹುಡುಕಲು ಎಲ್ಲರಿಗಿಂತ ಮೊದಲು ಹೊರಡಬೇಕಾಗಿದ್ದವರು ಸಚಿವರೇ.

ಹೀಗೆ ಹುಡುಕುವ ಶಕ್ತಿ ನಮ್ಮ ಸದನಕ್ಕೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2005ರಲ್ಲಿ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ಸುತ್ತಲಿನ ಭೂ ಒತ್ತುವರಿ ಪರಿಶೀಲನೆಗೆ ಇಳಿಯಿತು. ಅಧಿಕಾರಿಗಳನ್ನು ಕರೆಸಿ, ಕಂದಾಯ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಸುಮಾರು 27 ಸಾವಿರ ಎಕರೆ ಒತ್ತುವರಿಯ ಲೆಕ್ಕವನ್ನು ಸದನದ ಮುಂದಿಟ್ಟಿತು. ಅದರ ಶಿಫಾರಸುಗಳ ಗತಿ ಏನಾಯಿತು ಎಂಬುದು ಬೇರೆ ನೋವಿನ ಕಥೆ. ಆದರೆ ಶಾಸಕರು ಇಲಾಖೆಯ ಉತ್ತರಕ್ಕೆ ಕಾಯದೆ ಇಲಾಖೆಯ ಕಡತಕ್ಕೇ ಕೈ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ. ಪಕ್ಕದ ಕೇರಳ ವಿಧಾನಸಭೆಯಲ್ಲಿ ವಿಷಯವಾರು ಸಮಿತಿಗಳು 1980ರಿಂದಲೇ ಇವೆ. ಅವು ಅಧಿವೇಶನ ಇಲ್ಲದಾಗಲೂ ಇಲಾಖೆಗಳನ್ನು ಕರೆಸಿ ಕೇಳಬಲ್ಲವು.

ಇಲ್ಲಿ 2022ರ ಇನ್ನೊಂದು ಘಟನೆಯನ್ನು ಬಿಟ್ಟರೆ ಚಿತ್ರ ಅಪೂರ್ಣ. ಪಿಎಸ್‌ಐ ಪ್ರಶ್ನೆ ಬರುವ ಮುಂಚಿನ ತಿಂಗಳು, ಫೆಬ್ರವರಿಯಲ್ಲಿ, ಇದೇ ಶಾಸಕಾಂಗ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್‌ಗಳ (ರಾಜ್ಯ ಸರ್ಕಾರದ ಉನ್ನತ ಹುದ್ದೆಗಳಿಗೆ ನೇಮಕವಾಗುವವರ) ಆಯ್ಕೆಯನ್ನು ಸಿಂಧುಗೊಳಿಸುವ ಮಸೂದೆಯನ್ನು ಅಂಗೀಕರಿಸಿತ್ತು. ಆ ಆಯ್ಕೆಯಲ್ಲಿ ಅಕ್ರಮ ನಡೆದಿದೆ ಎಂದು ಸರ್ಕಾರವೇ 2014ರಲ್ಲಿ ಪಟ್ಟಿ ಹಿಂಪಡೆದಿತ್ತು. ಹೈಕೋರ್ಟ್ 2018ರಲ್ಲಿ ಆ ನಿರ್ಧಾರವನ್ನು ಎತ್ತಿಹಿಡಿದಿತ್ತು. ಅಷ್ಟಾದ ಮೇಲೂ ಕಾನೂನು ತಂದು ನೇಮಕಾತಿ ಕೊಡಲಾಯಿತು. ಆ ದಿನಗಳಲ್ಲಿ ಬೇರೊಂದು ವಿಷಯಕ್ಕೆ ವಿಧಾನಸಭೆಯಲ್ಲಿ ಅಹೋರಾತ್ರಿ ಧರಣಿ ನಡೆಯುತ್ತಿತ್ತು. 362 ಮಂದಿಯಲ್ಲಿ ಪ್ರಾಮಾಣಿಕರೂ ಇದ್ದರು, ಹತ್ತು ವರ್ಷ ಕಾದು ಸೋತವರೂ ಇದ್ದರು ಎಂಬುದು ನಿಜ. ಅಂಥವರಿಗೆ ದಾರಿ ತೋರಿಸುವುದು ತಪ್ಪಲ್ಲ. ಆದರೆ ಇಷ್ಟು ಭಾರದ ನಿರ್ಧಾರಕ್ಕೆ ಸಾಲುಸಾಲಾಗಿ ಚರ್ಚೆ ನಡೆಯಬೇಕಿತ್ತು. ಒಂದೇ ತಿಂಗಳ ಅಂತರದಲ್ಲಿ ಸದನ ಒಂದು ನೇಮಕಾತಿಗೆ ಮುದ್ರೆ ಒತ್ತಿತು, ಇನ್ನೊಂದರ ಬಗ್ಗೆ ಬಂದ ‘ಇಲ್ಲ’ವನ್ನು ಒಪ್ಪಿಕೊಂಡಿತು.

ಪಿಎಸ್‌ಐ ಪರೀಕ್ಷೆ ರದ್ದಾದಾಗ ಬೀದಿಗೆ ಬಂದವರೂ ಅಭ್ಯರ್ಥಿಗಳೇ. ನಾವು ಏನೂ ತಪ್ಪು ಮಾಡಿಲ್ಲ, ನಮ್ಮನ್ನೇಕೆ ಶಿಕ್ಷಿಸುತ್ತೀರಿ ಎಂದು ಪಟ್ಟಿಯಲ್ಲಿದ್ದವರು ಅಪ್ಪ ಅಮ್ಮನೊಂದಿಗೆ ಫ್ರೀಡಂ ಪಾರ್ಕ್‌ನಲ್ಲಿ ಕುಳಿತರು. ಆರೋಪಿಗಳ ಪಟ್ಟಿಯಲ್ಲಿದ್ದ ಅಭ್ಯರ್ಥಿಗಳು 50ರ ಆಚೆ ಈಚೆ. ಉಳಿದವರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು. ಅವರು ಮೊದಲು ನ್ಯಾಯಮಂಡಳಿಗೆ, ಆಮೇಲೆ ಹೈಕೋರ್ಟ್‌ಗೆ ಹೋದರು. 2023ರ ನವೆಂಬರ್ 10ರಂದು ಹೈಕೋರ್ಟ್ ರದ್ದತಿಯನ್ನು ಎತ್ತಿಹಿಡಿದು, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಲು ಹೇಳಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2024ರ ಜನವರಿ 23ರಂದು ಮರುಪರೀಕ್ಷೆ ನಡೆಸಿತು. ಹೊಸ ತಾತ್ಕಾಲಿಕ ಪಟ್ಟಿ ಬಂದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. 2021ರ ಜನವರಿಯಲ್ಲಿ ಅಧಿಸೂಚನೆ ನೋಡಿ ಅರ್ಜಿ ಹಾಕಿದ ಹುಡುಗಿಯೊಬ್ಬಳ ಪಾಲಿಗೆ ಅದು ಸುಮಾರು ನಾಲ್ಕು ವರ್ಷ. ಮದುವೆ, ಸಾಲ, ಅಪ್ಪನ ಆರೋಗ್ಯ, ಎಲ್ಲವೂ ಆ ನಾಲ್ಕು ವರ್ಷದ ಒಳಗೇ ಬಂದು ಹೋಗುತ್ತವೆ. ಮಾರ್ಚ್ ತಿಂಗಳಲ್ಲೇ ಸರಿಯಾದ ಉತ್ತರ ಬಂದಿದ್ದರೆ ಇಷ್ಟೂ ವರ್ಷ ಉಳಿಯುತ್ತಿತ್ತು ಎನ್ನಲಾರೆ. ನಂಬಿಕೆಯಂತೂ ಸ್ವಲ್ಪ ಉಳಿಯುತ್ತಿತ್ತು.

2023ರ ಮೇನಲ್ಲಿ ಸರ್ಕಾರ ಬದಲಾಯಿತು. ಪ್ರಶ್ನೆ ಕೇಳುತ್ತಿದ್ದವರು ಉತ್ತರಿಸುವ ಜಾಗಕ್ಕೆ ಬಂದರು. ಹೊಸ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬಿ. ವೀರಪ್ಪ ಅವರ ವಿಚಾರಣಾ ಆಯೋಗ ರಚಿಸಿತು. ಅದೇ 2023ರ ಅಕ್ಟೋಬರ್ ಕೊನೆಯಲ್ಲಿ ಪರೀಕ್ಷಾ ಪ್ರಾಧಿಕಾರ ನಡೆಸಿದ ನಿಗಮ ಮಂಡಳಿಗಳ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ ಮತ್ತು ಯಾದಗಿರಿಯಲ್ಲಿ ಮತ್ತೆ ಬ್ಲೂಟೂತ್ ಸಿಕ್ಕಿತು. ಆರೋಪಿಗಳ ಸಾಲಿನಲ್ಲಿ ಪಿಎಸ್‌ಐ ಪ್ರಕರಣದ ಪ್ರಮುಖ ಆರೋಪಿಯ ಹೆಸರೇ ಇತ್ತು. ಈಗ ಬಿಜೆಪಿ ಕೇಳುವ ಸ್ಥಾನದಲ್ಲಿತ್ತು. ಕಲಬುರಗಿ ಜಿಲ್ಲೆಯವರೇ ಆದ ಪ್ರಿಯಾಂಕ್ ಖರ್ಗೆ ಸಚಿವರಾಗಿದ್ದರು. ಆ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ನೇಮಕಾತಿ ಪರೀಕ್ಷಾ ಅಕ್ರಮ ತಡೆಗೆ ಹೊಸ ಮಸೂದೆ ಬಂತು, 10 ಕೋಟಿ ರೂಪಾಯಿವರೆಗಿನ ದಂಡಕ್ಕೆ ಅದರಲ್ಲಿ ಅವಕಾಶವಿದೆ. ಕಠಿಣ ಶಿಕ್ಷೆ ಬೇಕು, ನಾನು ಅದರ ಪರ. ಆದರೆ ಕಾನೂನು ಕೈಗೆ ಸಿಕ್ಕಿಬಿದ್ದವರನ್ನು ಹಿಡಿಯುತ್ತದೆ. ಸಿಕ್ಕಿಬೀಳುವ ಮೊದಲು ಇಲಾಖೆ ತನ್ನನ್ನು ತಾನೇ ಪರಿಶೀಲಿಸಿಕೊಂಡಿತೇ ಎಂದು ಕೇಳಬೇಕಾದವರು ಶಾಸಕರು. ಆ ಕೆಲಸವನ್ನು ಯಾವ ಕಲಮೂ ಮಾಡಿಕೊಡಲಾರದು.

ಈಗ ಪರೀಕ್ಷಾ ಕೇಂದ್ರಗಳಿಗೆ ಹೊಸ ತಂತ್ರಜ್ಞಾನ ಬಂದಿದೆ. ಕೊಠಡಿಗಳ ವೆಬ್‌ಕಾಸ್ಟಿಂಗ್, ಬಾಗಿಲಲ್ಲಿ ಮುಖ ಗುರುತಿಸುವ ವ್ಯವಸ್ಥೆ, ತುಂಬುತೋಳಿನ ಅಂಗಿಗೆ ನಿಷೇಧ. ಲಕ್ಷಾಂತರ ಯುವಕ ಯುವತಿಯರ ಮುಖದ ಮಾಹಿತಿ ಸರ್ಕಾರದ ಪರವಾಗಿ ಯಾರದೋ ಸರ್ವರ್‌ನಲ್ಲಿ ಸೇರುತ್ತಿದೆ. ಯಂತ್ರ ಒಬ್ಬಳ ಮುಖವನ್ನು ಒಪ್ಪದಿದ್ದರೆ ಬಾಗಿಲಲ್ಲಿ ನಿಂತ ಅವಳ ಪರವಾಗಿ ನಿರ್ಧರಿಸುವವರು ಯಾರು? ಈ ವಿಷಯಕ್ಕೆ ‘ಅಕ್ರಮ ತಡೆಗೆ ಆಧುನಿಕ ತಂತ್ರಜ್ಞಾನ ಅಳವಡಿಸಲಾಗಿದೆಯೇ?’ ಎಂಬ ಪ್ರಶ್ನೆ ಬಂದರೆ ‘ಹೌದು’ ಎಂಬ ಉತ್ತರ ಬಂದು ಎಲ್ಲರೂ ಮನೆಗೆ ಹೋಗುತ್ತಾರೆ. ಪ್ರಶ್ನೆ ಬರೆದುಕೊಡುವ ಆಪ್ತ ಸಹಾಯಕರು, ಸಂಶೋಧಕರು ಇದನ್ನು ಓದುತ್ತಿದ್ದರೆ, ಮುಂದಿನ ಅಧಿವೇಶನಕ್ಕೆ ಈ ಪ್ರಶ್ನೆಯನ್ನು ಹೀಗೇ ತೆಗೆದುಕೊಳ್ಳಬಹುದು:

(ಅ) ಕಳೆದ 2 ವರ್ಷಗಳ ನೇಮಕಾತಿ ಪರೀಕ್ಷೆಗಳಲ್ಲಿ ಮುಖ ಗುರುತಿಸುವ ವ್ಯವಸ್ಥೆಯನ್ನು ಒದಗಿಸಿದ ಸಂಸ್ಥೆ ಯಾವುದು, ಟೆಂಡರ್ ಮೊತ್ತ ಎಷ್ಟು, ಒಪ್ಪಂದದ ಪ್ರತಿಯನ್ನು ಸದನದಲ್ಲಿ ಮಂಡಿಸುವುದು;

(ಆ) ವ್ಯವಸ್ಥೆ ತಿರಸ್ಕರಿಸಿದ ಅಭ್ಯರ್ಥಿಗಳ ಸಂಖ್ಯೆ ಎಷ್ಟು, ಅವರಲ್ಲಿ ನಂತರ ಪರೀಕ್ಷೆ ಬರೆಯಲು ಅವಕಾಶ ಪಡೆದವರೆಷ್ಟು, ಕೇಂದ್ರವಾರು ವಿವರ ನೀಡುವುದು;

(ಇ) ಸಂಗ್ರಹಿಸಿದ ಮುಖದ ಮಾಹಿತಿಯನ್ನು ಅಳಿಸಿದ ದಿನಾಂಕ ಯಾವುದು, ಅಳಿಸಿದ್ದನ್ನು ದೃಢೀಕರಿಸಿದ ಅಧಿಕಾರಿಯ ಪದನಾಮವೇನು;

(ಈ) ಆಯ್ಕೆಯಾದ ಪ್ರತಿಯೊಬ್ಬರ ಮೂಲ ಓಎಂಆರ್ ಹಾಳೆಯನ್ನು ಕಾರ್ಬನ್ ಪ್ರತಿಯೊಂದಿಗೆ ತಾಳೆ ನೋಡಿದ ದಿನಾಂಕ ಮತ್ತು ತಾಳೆ ನೋಡಿದವರ ಸಹಿಯಿರುವ ದಾಖಲೆಯ ಪ್ರತಿ ಒದಗಿಸುವುದು.